ಪಾಸ್ಟಾ ಸಲಾಡೂ ಶಾವಿಗೆ ಒರಳೂ

ಇಟಲಿಯ ಮಾದರಿಯ ತಣ್ಣನೆಯ ಪಾಸ್ಟಾ ಸಲಾಡ್ ಎಂಬ ಪದಾರ್ಥವು ಕೆಲವು ವರ್ಷಗಳಿಂದ ನಮ್ಮ ಬಂಧುಬಳಗದ ಮನೆಗಳಿಗೂ ಬಂದಿದೆ. ಬೆಂಗಳೂರಿನಿಂದ ಬೇಸಿಗೆಯ ರಜೆಗೆ ಬರುವ ಮಕ್ಕಳು ಅದನ್ನು ಕೇಳುತ್ತಾರೆ, ಸೊಸೆಯಂದಿರು ಮಾಡುತ್ತಾರೆ, ಹಿರಿಯರು ಮೂಗು ಮುರಿಯುತ್ತಾರೆ. "ಇದೂ ಒಂದು ಊಟವೇ? ತಂಗಳು ಹುಳುಗಳ ಹಾಗಿದೆ" ಎಂಬ ಮಾತನ್ನು ಹಾಸನದಲ್ಲಿಯೂ ಕೇಳಿದ್ದೇನೆ, ಹೊಳೆನರಸೀಪುರದಲ್ಲಿಯೂ ಕೇಳಿದ್ದೇನೆ. ಅದರ ಬೆನ್ನಿಗೇ ಇನ್ನೊಂದು ಮಾತು ಬರುತ್ತದೆ: "ಒತ್ತು ಶಾವಿಗೆ ಮಾಡುತ್ತಿದ್ದ ಕಾಲ ಹೋಯಿತು." ಈ ಎರಡು ಮಾತುಗಳನ್ನು ಒಂದೇ ಉಸಿರಿನಲ್ಲಿ ಆಡುವವರೊಡನೆ ನನಗೆ ತಕರಾರಿದೆ. ಶಾವಿಗೆ ನಿಂತುಹೋದದ್ದಕ್ಕೆ ಪಾಸ್ಟಾದ ಮೇಲೆ ಅಪವಾದ ಹೊರಿಸುವುದು ನ್ಯಾಯವಲ್ಲ. ಒರಳಿನ ಹಿಡಿ ಒತ್ತುತ್ತಿದ್ದ ತೋಳುಗಳು ಅಡುಗೆಮನೆಯಿಂದ ಎದ್ದು ಹೋದ ದಿನವೇ ಅದು ನಿಂತಿತು. ಈ ಅಭಿಪ್ರಾಯವನ್ನು ಸ್ವಲ್ಪ ವಿವರವಾಗಿ ಹೇಳಬೇಕಾಗಿದೆ. ಜೊತೆಗೆ, ಆ ಸಲಾಡನ್ನು ನಮ್ಮ ಊರಿನ ಸಾಮಗ್ರಿಗಳಿಂದ ಸರಿಯಾಗಿ ಮಾಡುವ ಕ್ರಮವನ್ನೂ ಹೇಳುತ್ತೇನೆ.

ಮೊದಲು "ಪರದೇಶದ್ದು" ಎಂಬ ಆಕ್ಷೇಪವನ್ನು ನೋಡೋಣ. ನಮ್ಮ ಜಿಲ್ಲೆಯ ಹೆಸರಿನೊಂದಿಗೆ ಆಲೂಗಡ್ಡೆಯ ಹೆಸರು ಅಂಟಿಕೊಂಡಿದೆ. ಹಾಸನ, ಅರಕಲಗೂಡುಗಳ ರೈತರು ಮುಂಗಾರಿನಲ್ಲಿ ಅದನ್ನು ಬೆಳೆದು ಬದುಕು ಕಟ್ಟಿಕೊಂಡರು. ಬಿತ್ತನೆಯ ಗಡ್ಡೆ ಪಂಜಾಬಿನ ಜಲಂಧರದಿಂದ ಬರುತ್ತದೆ, ಬೆಳೆಯ ಮೂಲವಂತೂ ದಕ್ಷಿಣ ಅಮೆರಿಕದ ಆಂಡಿಸ್ ಪರ್ವತಸೀಮೆ. ನಮ್ಮ ಸಾರಿನ ಟೊಮೆಟೊ, ಒಗ್ಗರಣೆಯ ಒಣಮೆಣಸಿನಕಾಯಿ ಕೂಡ ಅಮೆರಿಕ ಖಂಡದಿಂದ ಹಡಗೇರಿ ಬಂದವು. ಇಟಲಿಯವರ ಕೆಂಪು ಟೊಮೆಟೊ ಗೊಜ್ಜೂ ಹಾಗೆಯೇ, ಅವರಿಗೂ ಅದು ಹೊರಗಿನಿಂದ ಬಂದ ಹಣ್ಣು. ಮನೆಗೆ ಬಂದ ಸೊಸೆ ಮೂರು ತಲೆಮಾರು ಕಳೆದ ಮೇಲೆ ಆ ಮನೆಯ ಮುತ್ತಜ್ಜಿಯಾಗುತ್ತಾಳೆ. ಪದಾರ್ಥಗಳ ವಿಷಯವೂ ಇದೇ.

ಒತ್ತಿ ತೆಗೆದ ಎಳೆಗಳ ವಿಷಯದಲ್ಲಂತೂ ನಾವು ಯಾರಿಗೂ ಹೊಸಬರಲ್ಲ. 1025ರ ಸುಮಾರಿಗೆ ಎರಡನೆಯ ಚಾವುಂಡರಾಯನು ಕನ್ನಡದಲ್ಲಿ ರಚಿಸಿದ 'ಲೋಕೋಪಕಾರ'ದಲ್ಲಿ ಶಾವಿಗೆ ಮಾಡುವ ಕ್ರಮವೂ ಅದನ್ನು ಒತ್ತುವ ಸಾಧನವೂ ಬರುತ್ತವೆ. (ಚನ್ನರಾಯಪಟ್ಟಣದ ಕಡೆಯವರು ಗೊಂದಲಪಡಬೇಡಿ. ಶ್ರವಣಬೆಳಗೊಳದ ಗೊಮ್ಮಟನನ್ನು ಮಾಡಿಸಿದ ಚಾವುಂಡರಾಯನಲ್ಲ ಇವನು. ಇವನು ಈಚಿನವನು, ಕಲ್ಯಾಣದ ಚಾಲುಕ್ಯರ ಕಾಲದವನು.) ಇಟಲಿಯ ಕಡೆ ನೋಡಿದರೆ, 1154ರಲ್ಲಿ ಸಿಸಿಲಿಯ ದೊರೆ ಎರಡನೆಯ ರೋಜರನ ಆಶ್ರಯದಲ್ಲಿದ್ದ ಭೂಗೋಳಜ್ಞ ಅಲ್ ಇದ್ರೀಸಿ, ಪಲೆರ್ಮೊ ಪಟ್ಟಣದ ಬಳಿಯ ತ್ರಾಬಿಯಾ ಎಂಬಲ್ಲಿ ಗೋಧಿಹಿಟ್ಟಿನ ಎಳೆಗಳನ್ನು ತಯಾರಿಸಿ ಹಡಗುಗಳಲ್ಲಿ ಕಳುಹಿಸುತ್ತಿದ್ದರೆಂದು ಬರೆದಿದ್ದಾನೆ. ಮಾರ್ಕೊ ಪೋಲೊ ಚೀನಾದಿಂದ ಪಾಸ್ಟಾ ತಂದನೆಂಬ ಕಥೆಯನ್ನು ನಿಮ್ಮಲ್ಲಿ ಹಲವರು ಕೇಳಿರಬಹುದು. ಅವನು ವೆನಿಸ್ಸಿಗೆ ಹಿಂದಿರುಗಿದ್ದು 1295ರಲ್ಲಿ, ಅಂದರೆ ಅಲ್ ಇದ್ರೀಸಿ ಬರೆದ ಸುಮಾರು 140 ವರ್ಷಗಳ ನಂತರ. ಇಸವಿಗಳನ್ನು ಪಕ್ಕಪಕ್ಕದಲ್ಲಿ ಬರೆದುಕೊಂಡರೆ ಎಷ್ಟೋ ಕಥೆಗಳು ತಾವಾಗಿಯೇ ಬಿದ್ದುಹೋಗುತ್ತವೆ.

ಎರಡನೆಯ ಆಕ್ಷೇಪ "ತಂಗಳು" ಎಂಬುದು. ಬಿಸಿಯಾಗಿ ತಿನ್ನಬೇಕಾದುದನ್ನು ಆರಿಸಿಟ್ಟರೆ ಅದು ತಂಗಳು. ಆರಿದ ಮೇಲೆ ತಿನ್ನುವುದಕ್ಕೆಂದೇ ಹುಳಿ, ಉಪ್ಪು, ಎಣ್ಣೆ ಹಾಕಿ ಕಲಸಿದ್ದು ಬುತ್ತಿ. ಶ್ರವಣಬೆಳಗೊಳಕ್ಕೋ ರಾಮನಾಥಪುರಕ್ಕೋ ಹೊರಟಾಗ ಕಟ್ಟಿಕೊಂಡು ಹೋಗುತ್ತಿದ್ದ ಪುಳಿಯೋಗರೆ, ಚಿತ್ರಾನ್ನ, ಮೊಸರನ್ನಗಳನ್ನು ಯಾರೂ ತಂಗಳು ಎನ್ನುತ್ತಿರಲಿಲ್ಲ. ಇಟಲಿಯವರಿಗೆ ತಣ್ಣನೆಯ ಪಾಸ್ಟಾ ಎಂದರೆ ಅಂಥದೇ ಒಂದು ಬುತ್ತಿ. ವರ್ಷವಿಡೀ ಪಾಸ್ಟಾವನ್ನು ಬಿಸಿಯಾಗಿಯೇ ಉಣ್ಣುವ ಅವರು ಬೇಸಿಗೆಯಲ್ಲಿ ಮಾತ್ರ ಹೀಗೆ ಮಾಡುತ್ತಾರೆ. ಆಗಸ್ಟ್ 15 ಅವರಿಗೂ ರಜೆಯ ದಿನ, ಫೆರ್ರಗೋಸ್ತೊ ಎಂಬ ಹಬ್ಬ. ಕಡಲತೀರಕ್ಕೋ ಬೆಟ್ಟಕ್ಕೋ ಹೋಗುವವರ ಡಬ್ಬಿಗಳಲ್ಲಿ ತಣ್ಣನೆಯ ಪಾಸ್ಟಾ ಅಥವಾ ಅನ್ನದ ಸಲಾಡ್ ಇರುವುದು ಅಲ್ಲಿ ಸಾಮಾನ್ಯ. ಹೋಲಿಕೆ ಬೇಕಾದರೆ ಹೀಗೆ ಹೇಳಬಹುದು: ಶಾವಿಗೆಗೂ ಕೋಸಂಬರಿಗೂ ಮದುವೆಯಾದರೆ ಹುಟ್ಟುವ ಕೂಸೇ ಪಾಸ್ಟಾ ಸಲಾಡ್.

ಇನ್ನು ಶಾವಿಗೆಯ ಮಾತು. ಒತ್ತು ಶಾವಿಗೆಯ ದಿನ ಹೇಗಿರುತ್ತಿತ್ತು ಎಂಬುದನ್ನು ಈಗಿನ ಮಕ್ಕಳಿಗೆ ಹೇಳಬೇಕು. ಅಕ್ಕಿ ತೊಳೆದು, ನೆನೆಸಿ, ಆರಿಸಿ, ಹಿಟ್ಟು ಮಾಡಿಸಬೇಕು. ಕುದಿಯುವ ನೀರಿಗೆ ಹಿಟ್ಟು ಸುರಿದು ಕೋಲಿನಿಂದ ತಿರುವಬೇಕು. ಉಂಡೆ ಕಟ್ಟಿ ಮತ್ತೆ ಬೇಯಿಸಬೇಕು. ಬೆಂದ ಉಂಡೆಯನ್ನು ಸುಡುಸುಡು ಇರುವಾಗಲೇ ಒರಳಿಗೆ ಹಾಕಿ ಒತ್ತಬೇಕು. ಆರಿದರೆ ಪಿಷ್ಟ ಬಿಗಿದುಕೊಂಡು ಎಳೆ ಇಳಿಯುವುದಿಲ್ಲ. ಹಿಡಿಯ ಮೇಲೆ ಭಾರ ಬಿಟ್ಟು ಒತ್ತಲು ಒಬ್ಬರು, ಕೆಳಗೆ ತಟ್ಟೆ ತಿರುಗಿಸುತ್ತಾ ಎಳೆ ಹಿಡಿಯಲು ಒಬ್ಬರು, ಒಲೆಯ ಮುಂದೆ ಒಬ್ಬರು, ಹೀಗೆ ಕನಿಷ್ಠ ಮೂವರು ಬೇಕು. ಕಾಯಿಹಾಲು, ನಿಂಬೆಹಣ್ಣಿನ ಒಗ್ಗರಣೆ, ಮಾಂಸಾಹಾರಿಗಳ ಮನೆಯಲ್ಲಿ ಕೋಳಿಸಾರು ಬೇರೆ. ಇಡೀ ವರ್ಷ ಅಡುಗೆಮನೆಯ ಹೊಸ್ತಿಲು ದಾಟದ ಗಂಡಸರು ಆ ದಿನ ಪಂಚೆ ಎತ್ತಿಕಟ್ಟಿ ಬಂದು ಹಿಡಿ ಒತ್ತುತ್ತಿದ್ದರು. ಹುಡುಗರು ಹಿಡಿಯ ಮೇಲೆ ಜೋತುಬೀಳುತ್ತಿದ್ದರು. ಶಾವಿಗೆಯ ದಿನ ಹಬ್ಬದಂತೆ ಕಾಣುತ್ತಿದ್ದುದಕ್ಕೆ ಕಾರಣ ಕಾಯಿಹಾಲಿನ ರುಚಿಯಷ್ಟೇ ಆಗಿರಲಿಲ್ಲ. ಮನೆಯ ಕೆಲಸದಲ್ಲಿ ಮನೆಯವರೆಲ್ಲ ಸೇರುತ್ತಿದ್ದ ಅಪರೂಪದ ದಿನ ಅದು.

ಕೂಡುಕುಟುಂಬಗಳು ಬೇರೆಯಾದವು. ಗಂಡಸರು ಕೆಲಸಕ್ಕೆಂದು ಪಟ್ಟಣ ಸೇರಿದರು, ಹೆಂಗಸರೂ ದುಡಿಯಲು ಹೊರಟರು. ಒರಳು ಅಟ್ಟ ಹತ್ತಿತು. ಪಾಸ್ಟಾ ಎಂದರೇನು? ಯಾವುದೋ ಕಾರ್ಖಾನೆಯ ಯಂತ್ರ ನಮ್ಮ ಬದಲಿಗೆ ಒತ್ತಿ, ಒಣಗಿಸಿ, ಪೊಟ್ಟಣ ಕಟ್ಟಿದ ಗೋಧಿ ಶಾವಿಗೆ. ಒತ್ತುವ ಕೆಲಸವನ್ನು ಯಂತ್ರ ವಹಿಸಿಕೊಂಡಿತು. ಉಳಿದ ಹೆಚ್ಚುವುದು, ಬೇಯಿಸುವುದು, ಬಡಿಸುವುದು, ತೊಳೆಯುವುದೆಲ್ಲ ಒಬ್ಬಳ ಪಾಲಿಗೇ ಉಳಿಯಿತು. ಹೀಗೆ ಲೆಕ್ಕ ಹಾಕಿದರೆ ಅಡುಗೆಮನೆಯಿಂದ ಬಿಡುಗಡೆ ಸಿಕ್ಕಿದ್ದು ಹಿಡಿ ಒತ್ತುತ್ತಿದ್ದವರಿಗೆ!

ಚನ್ನರಾಯಪಟ್ಟಣದ ನೆಂಟರ ಮನೆಯೊಂದರಲ್ಲಿ ಒಮ್ಮೆ ಹೀಗಾಯಿತು. ಮನೆಯ ಕಿರಿಯ ಸೊಸೆ, ಕೆಲಸಕ್ಕೆ ಹೋಗುವ ಹುಡುಗಿ, ಮಕ್ಕಳಿಗೆಂದು ಪಾಸ್ಟಾ ಸಲಾಡ್ ಮಾಡಿ ದೊಡ್ಡವರಿಗೂ ಒಂದೊಂದು ಸೌಟು ಬಡಿಸಿದಳು. ಹಿರಿಯರೊಬ್ಬರು ತಟ್ಟೆಯನ್ನು ಸರಿಸಿ, "ನಿಮ್ಮ ಮನೇಲಿ ಶಾವಿಗೆ ಒತ್ತೋದು ಕಲಿಸಲಿಲ್ವೇನಮ್ಮಾ?" ಎಂದರು. ಹುಡುಗಿಯ ಮುಖ ಸಣ್ಣದಾಯಿತು. ನಾನು ಸುಮ್ಮನಿರಲಾರದೆ, "ಒರಳು ನಿಮ್ಮ ಅಟ್ಟದ ಮೇಲೇ ಇದೆಯಲ್ಲ ಭಾವ, ಇಳಿಸಿಕೊಡಿ. ಹಿಟ್ಟು ನಾನು ತಿರುವುತ್ತೀನಿ, ಹಿಡಿ ನೀವು ಒತ್ತಿ" ಎಂದೆ. ಅವರು ತಮ್ಮ ಮಂಡಿನೋವಿನ ಮಾತೆತ್ತಿದರು. ಮಂಡಿನೋವು ನಿಜವೇ ಇರಬಹುದು. ಅವರ ಪಕ್ಕದಲ್ಲಿ ಊಟಕ್ಕೆ ಕೂತಿದ್ದ ನಾಲ್ವರು ಗಂಡುಮಕ್ಕಳಿಗಂತೂ ಅದು ಇರಲಿಲ್ಲ. ಆ ದಿನ ಒರಳು ಇಳಿಯಲಿಲ್ಲ. ಸಲಾಡಿನ ಪಾತ್ರೆಯನ್ನು ತೊಳೆದವಳೂ ಆ ಹುಡುಗಿಯೇ.

ಈಗ ಮಾಡುವ ಕ್ರಮ. ವಿಜ್ಞಾನದ ಪಾಠ ಹೇಳಿದವಳು ನಾನು, ಕಾರಣ ಹೇಳದೆ ಕ್ರಮ ಹೇಳಿದರೆ ನನಗೇ ಸಮಾಧಾನವಾಗುವುದಿಲ್ಲ.

ನಾಲ್ಕೈದು ಜನಕ್ಕೆ 250 ಗ್ರಾಂ ಪಾಸ್ಟಾ ಸಾಕು. ಸುರುಳಿಯಾಕಾರದ್ದು ಉತ್ತಮ, ಅದರ ಸಂದುಗಳಲ್ಲಿ ಹುಳಿ, ಎಣ್ಣೆ, ಸೊಪ್ಪು ನಿಲ್ಲುತ್ತವೆ. ಪೊಟ್ಟಣದ ಮೇಲೆ ಡ್ಯೂರಮ್ ಗೋಧಿಯ ರವೆ ಎಂದು ಇದೆಯೇ ನೋಡಿ. ಒಣ ಪಾಸ್ಟಾವನ್ನು ಡ್ಯೂರಮ್ ಗೋಧಿಯಿಂದಲೇ ತಯಾರಿಸಬೇಕೆಂದು ಇಟಲಿಯಲ್ಲಿ 1967ರಲ್ಲಿ ಕಾನೂನನ್ನೇ ಮಾಡಿದರು. ಇದೂ ನಮಗೆ ಅಪರಿಚಿತವಲ್ಲ. ಉಪ್ಪಿಟ್ಟಿಗೂ ಕೇಸರಿಭಾತಿಗೂ ತರುವ ಬನ್ಸಿ ರವೆ ಡ್ಯೂರಮ್ ಗೋಧಿಯದೇ, ನಮ್ಮ ಉತ್ತರ ಕರ್ನಾಟಕದ ಹೊಲಗಳಲ್ಲಿಯೂ ಅದು ಬೆಳೆಯುತ್ತದೆ. ಮೈದಾದಿಂದ ಮಾಡಿದ ಪಾಸ್ಟಾ ಬೇಗ ಮೆತ್ತಗಾಗುತ್ತದೆ, ತಣ್ಣಗಾದ ಮೇಲೆ ಮುದ್ದೆಯಾಗುತ್ತದೆ.

ಎರಡೂವರೆ ಲೀಟರ್ ನೀರನ್ನು ಚೆನ್ನಾಗಿ ಕುದಿಸಿ, ಸುಮಾರು 20 ಗ್ರಾಂ ಉಪ್ಪು ಹಾಕಿ, ಆಮೇಲೆ ಪಾಸ್ಟಾ ಹಾಕಿ. ನೀರು ಕಡಿಮೆಯಾದರೆ ಪಿಷ್ಟ ದಟ್ಟವಾಗಿ ಒಂದಕ್ಕೊಂದು ಅಂಟಿಕೊಳ್ಳುತ್ತದೆ. ಇಲ್ಲೊಂದು ಪಾಠ ನೆನಪಿಸಿಕೊಳ್ಳಿ. ಎತ್ತರ ಹೆಚ್ಚಿದಂತೆ ವಾಯುಭಾರ ಕಡಿಮೆಯಾಗಿ ನೀರಿನ ಕುದಿಯುವ ಬಿಂದು ಇಳಿಯುತ್ತದೆ, ಸುಮಾರು 300 ಮೀಟರಿಗೆ ಒಂದು ಡಿಗ್ರಿಯಂತೆ. ಹಾಸನ ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿರುವ ಊರು. ನಮ್ಮ ಪಾತ್ರೆಯಲ್ಲಿ ನೀರು ಕುದಿಯುವುದು ಸುಮಾರು 97 ಡಿಗ್ರಿಯಲ್ಲಿ. ಆದ್ದರಿಂದ ಪೊಟ್ಟಣದ ಮೇಲೆ ಮುದ್ರಿಸಿದ ಸಮಯಕ್ಕೆ ಒಂದು ನಿಮಿಷ ಸೇರಿಸಿಕೊಳ್ಳಿ. ತಣ್ಣಗೆ ತಿನ್ನುವುದಕ್ಕೆ ಇನ್ನೊಂದರ್ಧ ನಿಮಿಷ ಹೆಚ್ಚು ಬೆಂದರೂ ನಷ್ಟವಿಲ್ಲ, ಏಕೆಂದರೆ ಆರಿದಂತೆ ಪಿಷ್ಟ ಬಿಗಿಯುತ್ತದೆ. ಆರಿದ ಉಂಡೆ ಒರಳಿನಲ್ಲಿ ಇಳಿಯದಿರುವುದಕ್ಕೂ ಇದೇ ಕಾರಣ.

ಬಸಿದ ಪಾಸ್ಟಾವನ್ನು ಪಾತ್ರೆಯಲ್ಲೇ ಬಿಡಬೇಡಿ. ಚಿತ್ರಾನ್ನಕ್ಕೆ ಅನ್ನ ಹರವುವಂತೆ ಅಗಲವಾದ ತಾಂಬಾಳದಲ್ಲಿ ಹರವಿ, ಎರಡು ಚಮಚ ಎಣ್ಣೆ ಹಾಕಿ ಮೆಲ್ಲಗೆ ಕೈಯಾಡಿಸಿ. ಆಲಿವ್ ಎಣ್ಣೆ ಇದ್ದರೆ ಸರಿ. ಒಂದು ಕಾಲದಲ್ಲಿ ಅದು ಎಳೆ ಮಗುವಿನ ಮೈಗೆ ಹಚ್ಚಲೆಂದು ಔಷಧದ ಅಂಗಡಿಯಲ್ಲಿ ಸಣ್ಣ ಶೀಸೆಯಲ್ಲಿ ಸಿಗುತ್ತಿತ್ತು, ಈಗ ದಿನಸಿ ಅಂಗಡಿಯಲ್ಲೇ ಇದೆ. ಇಲ್ಲವಾದರೆ ಗಾಣದ ಕಡಲೆಕಾಯಿ ಎಣ್ಣೆ ಬಳಸಿ. ಚನ್ನರಾಯಪಟ್ಟಣದವರಿಗೆ ಒಂದು ಮಾತು: ನಿಮ್ಮ ತೆಂಗಿನ ಬಗ್ಗೆ ನಿಮಗಿರುವ ಅಭಿಮಾನ ನನಗೂ ಇದೆ, ಆದರೆ ಕೊಬ್ಬರಿ ಎಣ್ಣೆ ಇದಕ್ಕೆ ಒಗ್ಗುವುದಿಲ್ಲ. ಅದು ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟಿ, ತಣ್ಣನೆಯ ಪಾಸ್ಟಾದ ಮೇಲೆ ಮೇಣದಂತೆ ಕೂರುತ್ತದೆ.

ಪಾಸ್ಟಾ ಇನ್ನೂ ಬೆಚ್ಚಗಿರುವಾಗಲೇ ಒಂದು ನಿಂಬೆಹಣ್ಣಿನ ರಸ, ಸ್ವಲ್ಪ ಮೆಣಸಿನಪುಡಿ (ಕರಿಮೆಣಸಿನದು), ಜಜ್ಜಿದ ಬೆಳ್ಳುಳ್ಳಿಯ ಒಂದು ಎಸಳು ಸೇರಿಸಿ. ಬೆಚ್ಚಗಿದ್ದಾಗ ರುಚಿ ಒಳಗೆ ಇಳಿಯುತ್ತದೆ. ಆರಿದ ಮೇಲೆ ಹಾಕಿದ ಹುಳಿ ಹೊರಗೇ ಉಳಿಯುತ್ತದೆ. ಪೂರ್ತಿ ತಣ್ಣಗಾದ ಮೇಲೆ ಎರಡು ಎಳೆ ಸೌತೆಕಾಯಿ, ಮೂರು ನಾಟಿ ಟೊಮೆಟೊ, ಒಂದು ಸಣ್ಣ ಈರುಳ್ಳಿ ಹೆಚ್ಚಿ ಹಾಕಿ. ಬೇಯಿಸಿದ ಕಡಲೆಕಾಳನ್ನೋ ಅಲಸಂದೆಯನ್ನೋ ಅರ್ಧ ಬಟ್ಟಲು ಹಾಕಿದರೆ ಊಟದ ತೂಕ ಬರುತ್ತದೆ. ಪನೀರಿನ ತುಂಡು ಮಕ್ಕಳಿಗೆ ಇಷ್ಟ. ಆಲಿವ್ ಕಾಯಿ ಸಿಗದಿದ್ದರೆ ಚಿಂತೆಯಿಲ್ಲ. ಹಸಿಯ ಆಲಿವ್ ಬಾಯಿಗಿಡಲಾಗದಷ್ಟು ಕಹಿ, ಅದನ್ನು ಉಪ್ಪುನೀರಿನಲ್ಲಿ ಕಳಿಯಿಸಿ ತಿನ್ನುತ್ತಾರೆ. ನಾವು ಮಾವಿನ ಮಿಡಿಯನ್ನು ಉಪ್ಪಿನಲ್ಲಿ ಹಾಕುವ ಬುದ್ಧಿಯೂ ಅದೇ. ಖಾರ ಬೆರೆಸದ ಉಪ್ಪುಮಿಡಿ ಎರಡನ್ನು ಸಣ್ಣಗೆ ಹೆಚ್ಚಿ ಹಾಕಿ, ಯಾರೂ ಆಲಿವ್ ಕೇಳುವುದಿಲ್ಲ.

ಸೊಪ್ಪಿನ ವಿಷಯ ಇನ್ನೂ ಸ್ವಾರಸ್ಯವಾದುದು. ಇಟಲಿಯವರು ಬೆಸಿಲ್ ಎನ್ನುವ ಗಿಡವೇ ನಮ್ಮ ಕಾಮಕಸ್ತೂರಿ. ಅವರು ಬಳಸುವ ಮಾರ್ಜೋರಂ ನಮ್ಮ ಮರುಗ. ಪಿಜ್ಜಾದೊಡನೆ ಪುಟ್ಟ ಪೊಟ್ಟಣದಲ್ಲಿ ಕೊಡುವ ಒರೆಗಾನೊ ಇದೇ ಮರುಗದ ಹತ್ತಿರದ ನಂಟ. ಅವರು ಇವನ್ನು ಊಟಕ್ಕೆ ಹಾಕಿದರು, ನಾವು ಮಾಲೆಗೆ ಸೇರಿಸಿ ದೇವರಿಗೂ ಜಡೆಗೂ ಮುಡಿಸಿದೆವು. ನಮ್ಮ ಕಾಮಕಸ್ತೂರಿಯ ಪರಿಮಳ ಅವರದಕ್ಕಿಂತ ತೀಕ್ಷ್ಣ, ಆದ್ದರಿಂದ ಆರೇಳು ಎಲೆ ಸಾಕು. ಹೂವಿನ ಅಂಗಡಿಯದನ್ನು ತರಬೇಡಿ, ಏನು ಸಿಂಪಡಿಸಿರುತ್ತಾರೋ ತಿಳಿಯದು. ಮನೆಯ ಕುಂಡದಲ್ಲಿ ಬೆಳೆದದ್ದನ್ನೇ ಕೈಯಲ್ಲಿ ಹರಿದು ಹಾಕಿ.

ಉಪ್ಪನ್ನು ಬಡಿಸುವ ಮುನ್ನ ಹಾಕಿ. ರಾಮನವಮಿಯ ಕೋಸಂಬರಿಗೆ ನಮ್ಮ ತಾಯಂದಿರು ಕೊನೆಯಲ್ಲಿ ಉಪ್ಪು ಹಾಕುತ್ತಿದ್ದುದು ಸುಮ್ಮನೆ ಅಲ್ಲ. ಆಲೂಗಡ್ಡೆಯ ಬಟ್ಟಲು ಕೊರೆದು ಸಕ್ಕರೆಯ ದ್ರಾವಣ ತುಂಬಿ ತೋರಿಸಿದ ಅಭಿಸರಣೆಯ ಪ್ರಯೋಗ ನೆನಪಿದೆಯೇ? ಉಪ್ಪು ಬಿದ್ದೊಡನೆ ಸೌತೆಕಾಯಿ ನೀರು ಬಿಡುವುದೂ ಅದೇ ನಿಯಮದಿಂದ. ಇನ್ನೊಂದು ನಿಂಬೆಹಣ್ಣನ್ನೂ ಆಗಲೇ ಹಿಂಡಿ ರುಚಿ ನೋಡಿ. ತಣ್ಣನೆಯ ಪದಾರ್ಥದಲ್ಲಿ ನಾಲಿಗೆಗೆ ರುಚಿ ಮಂದವಾಗಿ ತಿಳಿಯುವುದರಿಂದ ಉಪ್ಪು ಹುಳಿ ಒಂದು ಕೈ ಮುಂದಿರಬೇಕು.

"ಇಟಾಲಿಯನ್ ಡ್ರೆಸಿಂಗ್" ಎಂದು ಮಾರುವ ಬಾಟಲಿಯನ್ನು ತರಬೇಡಿ. ಹೆಸರಿನಲ್ಲಿ ಮಾತ್ರ ಇಟಲಿ, ಹುಟ್ಟಿದ್ದು ಅಮೆರಿಕದಲ್ಲಿ. ಇಟಲಿಯ ಮನೆಗಳಲ್ಲಿ ಎಣ್ಣೆ, ಹುಳಿ, ಉಪ್ಪನ್ನು ನೇರವಾಗಿ ತರಕಾರಿಯ ಮೇಲೆ ಹಾಕಿಕೊಳ್ಳುತ್ತಾರೆ. ನಿಂಬೆಹಣ್ಣು ಹಿಂಡಲು ಬರುವವರಿಗೆ ಬಾಟಲಿ ಏಕೆ?

ಒಂದು ಎಚ್ಚರಿಕೆಯನ್ನು ಮಾತ್ರ ಕಡ್ಡಾಯವಾಗಿ ಪಾಲಿಸಿ. ಬೆಂದ ಪಾಸ್ಟಾವನ್ನಾಗಲಿ ಅನ್ನವನ್ನಾಗಲಿ ಎರಡು ಗಂಟೆಗಿಂತ ಹೆಚ್ಚು ಹೊರಗೆ ಇಡಬೇಡಿ. ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಗಳು ಕುದಿತವನ್ನೂ ತಡೆದುಕೊಳ್ಳುತ್ತವೆ. ಬೆಚ್ಚಗಿನ ಹವೆಯಲ್ಲಿ ಅವು ಮೊಳೆತು ವಿಷ ಉಂಟುಮಾಡಬಲ್ಲವು. ವಾಂತಿ ತರಿಸುವ ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಹರವಿ ಬೇಗ ಆರಿಸಿ, ಮುಚ್ಚಿ ಫ್ರಿಜ್ಜಿನಲ್ಲಿಡಿ, ಮರುದಿನದೊಳಗೆ ಮುಗಿಸಿ. ಏಪ್ರಿಲ್ ತಿಂಗಳಲ್ಲಿ ಮಕ್ಕಳ ಡಬ್ಬಿಗೆ ಬೆಳಿಗ್ಗೆ ಹಾಕಿ ಮಧ್ಯಾಹ್ನಕ್ಕೆ ತಿನ್ನಲು ಕಳುಹಿಸುವ ಪದಾರ್ಥ ಇದಲ್ಲ.

ಕ್ರಮವನ್ನು ಇಷ್ಟು ವಿವರವಾಗಿ ಬರೆದದ್ದಕ್ಕೆ ಉದ್ದೇಶವಿದೆ. ಅಳತೆ, ಸಮಯ, ಉಷ್ಣತೆ, ಕಾರಣ ಎಲ್ಲವೂ ಇರುವ ಈ ಅಡುಗೆ ಪ್ರಯೋಗಶಾಲೆಯ ಪಾಠದಂತಿದೆ. ಒಗ್ಗರಣೆ ಸಿಡಿಯುವ ಭಯವಿಲ್ಲ, ಹದ ತಪ್ಪುವ ಆತಂಕ ಕಡಿಮೆ. ಹದಿಮೂರು ಹದಿನಾಲ್ಕರ ಹುಡುಗನೊಬ್ಬ ಕುದಿಯುವ ನೀರು ಬಸಿಯುವಾಗ ಮಾತ್ರ ದೊಡ್ಡವರ ಕೈ ಹಿಡಿದು, ಉಳಿದದ್ದನ್ನೆಲ್ಲ ತಾನೇ ಮಾಡಬಹುದು. ಶಾವಿಗೆಯ ಒರಳು ಗಂಡುಮಕ್ಕಳನ್ನು ಅಡುಗೆಮನೆಗೆ ಕರೆದ ಹಾಗೆ ಪಾಸ್ಟಾ ಸಲಾಡ್ ಕೂಡ ಕರೆಯಬಲ್ಲದು. ಆಗ ಬೇಕಾಗಿದ್ದುದು ತೋಳಿನ ಬಲ, ಈಗ ಬೇಕಾಗಿರುವುದು ಒಂದು ಗಂಟೆಯ ಮನಸ್ಸು.

ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಅಪ್ಪಂದಿರಾದವರು, ಕೆಲವರು ಈಗ ಅಜ್ಜಂದಿರೂ ಆದವರು, ಬಹಳ ಮಂದಿ ಇದ್ದೀರಿ. ನಿಮಗೆ ನನ್ನ ಕೋರಿಕೆ ಇಷ್ಟೇ. ಒತ್ತು ಶಾವಿಗೆ ಮರೆಯಾಗಬಾರದೆಂದು ನಿಮಗೆ ನಿಜವಾಗಿ ಅನ್ನಿಸಿದರೆ ಮುಂದಿನ ರಜೆಯಲ್ಲಿ ಒರಳು ಇಳಿಸಿ, ತೊಳೆದು, ಹಿಡಿಯ ಬಳಿ ನೀವೇ ನಿಂತುಕೊಳ್ಳಿ. ಮಕ್ಕಳು ಜೋತುಬೀಳಲಿ. ಅದು ಆಗದೆಂದು ತೋರಿದರೆ ಮಗನನ್ನೋ ಮೊಮ್ಮಗನನ್ನೋ ಜೊತೆಗಿಟ್ಟುಕೊಂಡು ಈ ಸಲಾಡ್ ಮಾಡಿ, ಮನೆಯ ಹೆಂಗಸರನ್ನು ಕೂರಿಸಿ ಬಡಿಸಿ. ಎರಡರಲ್ಲಿ ಯಾವುದನ್ನು ಮಾಡಿದರೂ ನನಗೆ ಸಂತೋಷವೇ. ಎರಡನ್ನೂ ಮಾಡದೆ, ಮಾಡಿ ಬಡಿಸಿದವಳ ಮುಂದೆ ಹಳೆಯ ಕಾಲವನ್ನು ಹೊಗಳುವುದನ್ನು ಮಾತ್ರ ದಯವಿಟ್ಟು ಬಿಟ್ಟುಬಿಡಿ. ತಾಂಬಾಳದಲ್ಲಿ ಅಂಟಿದ ಎಣ್ಣೆ ಬಿಸಿನೀರಿಗೂ ಸೀಗೆಪುಡಿಗೂ ಚೆನ್ನಾಗಿ ಬಿಡುತ್ತದೆ. ತೊಳೆಯುವವರಿಗೆ ಉಪಯೋಗವಾಗಲೆಂದು ಅದನ್ನೂ ಬರೆದಿದ್ದೇನೆ.